ನೊಗಕ್ಕೆ ಹೊಂದುವ ಎತ್ತು: ಆರ್‌ಸಿಬಿ ತಂಡ ಕಟ್ಟಿದ ಆ ಏಳು ತಿಂಗಳು

ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲದ ರೈತ ಬಿತ್ತಿಗೆಯ ಹೊತ್ತಿಗೆ ಎತ್ತು ಹುಡುಕುವುದಿಲ್ಲ. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಮಳೆಗೆ ಇನ್ನೂ ತಿಂಗಳುಗಳಿರುವಾಗಲೇ ದನದ ಸಂತೆಗೆ ಹೋಗುತ್ತಾನೆ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ದಲಾಲಿ ಟವೆಲ್ಲಿನ ಅಡಿ ಬೆರಳು ಹಿಡಿದು ದರ ಕುದುರಿಸುತ್ತಾನೆ. ಮನೆಯಲ್ಲಿರುವ ಒಂಟಿ ಎತ್ತಿಗೆ ಜೋಡಿ ಬೇಕಾದವನಂತೂ ಸಂತೆಯ ಅತಿ ಚೆಂದದ ಎತ್ತಿನ ಮುಂದೆ ನಿಲ್ಲುವುದೇ ಇಲ್ಲ. ಎತ್ತರ ಸರಿಹೊಂದುತ್ತದೆಯೇ, ನಡಿಗೆ ಕೂಡುತ್ತದೆಯೇ, ನೊಗದ ಎಡಕ್ಕೆ ಪಳಗಿದ್ದೋ ಬಲಕ್ಕೋ, ಇಷ್ಟೇ ಅವನ ಲೆಕ್ಕ. ಜೋಡಿ ತಪ್ಪಿದ್ದು ತಿಳಿಯುವುದು ಕುಂಟೆ ಹೂಡಿದ ದಿನ. ಅಷ್ಟರಲ್ಲಿ ಸಂತೆ ಮುಗಿದಿರುತ್ತದೆ.

ರಾಯಲ್ ಚಾಲೆಂಜರ್ಸ್ ಬೆಂಗಳೂರು 17 ವರ್ಷ ಐಪಿಎಲ್ ಕಪ್ ಗೆಲ್ಲದೆ ಹೋದ ಕಥೆಯನ್ನು ಮೈದಾನದಲ್ಲಿ ಹುಡುಕಿದವರೇ ಹೆಚ್ಚು. ನನಗೆ ಅದು ಸಂತೆಯ ಕಥೆಯಾಗಿ ಕಾಣುತ್ತದೆ. ಆಟವಿಲ್ಲದ ತಿಂಗಳುಗಳಲ್ಲಿ ತಂಡ ಕೆಟ್ಟಿತು, ಆಟವಿಲ್ಲದ ತಿಂಗಳುಗಳಲ್ಲೇ ಮತ್ತೆ ಕಟ್ಟಿಕೊಂಡಿತು.

2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಬೆಂಗಳೂರು ತಂಡ ಕೊಂಡರು. ರಾಹುಲ್ ದ್ರಾವಿಡ್ ತಂಡದ ಐಕಾನ್ ಆಟಗಾರ. ಮೊದಲ ಹರಾಜಿನಲ್ಲಿ ಜಾಕ್ ಕಾಲಿಸ್, ಅನಿಲ್ ಕುಂಬ್ಳೆ, ಜಹೀರ್ ಖಾನ್, ಮಾರ್ಕ್ ಬೌಷರ್ ಬಂದರು. ವಾಸಿಂ ಜಾಫರ್, ಶಿವನಾರಾಯಣ ಚಂದ್ರಪಾಲ್ ಕೂಡ ಸೇರಿದರು. ಎಲ್ಲರೂ ದೊಡ್ಡವರೇ, ಆದರೆ ಐದು ದಿನದ ಆಟಕ್ಕೆ ಪಳಗಿದವರು. ಏಪ್ರಿಲ್ 18ರ ಮೊದಲ ಪಂದ್ಯದಲ್ಲೇ ಬ್ರೆಂಡನ್ ಮೆಕಲಮ್ ಅಜೇಯ 158 ಹೊಡೆದರು, ಬೆಂಗಳೂರು 82ಕ್ಕೆ ಆಲೌಟ್ ಆಯಿತು. 14 ಪಂದ್ಯಗಳಲ್ಲಿ 4 ಗೆಲುವು, ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಆ ವರ್ಷದ ಅತ್ಯುತ್ತಮ ಖರೀದಿ ದೊಡ್ಡ ಹರಾಜಿನಲ್ಲಿ ಆಗಲೇ ಇಲ್ಲ. 19 ವರ್ಷದೊಳಗಿನ ಹುಡುಗರನ್ನು ಹಂಚಿಕೊಳ್ಳುವಾಗ ದೆಹಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡಿತು. ಉಳಿದ ಹುಡುಗ 30,000 ಡಾಲರಿಗೆ ಬೆಂಗಳೂರಿನ ಪಾಲಾದ.

ಮುಂದೆಯೂ ಹೀಗೇ ನಡೆಯಿತು. 2011ರಲ್ಲಿ ಕ್ರಿಸ್ ಗೇಲ್ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದರು. ಡರ್ಕ್ ನ್ಯಾನಸ್ ಗಾಯಗೊಂಡಾಗ ಬದಲಿಯಾಗಿ ಬಂದು 608 ರನ್ ಹೊಡೆದು ತಂಡವನ್ನು ಫೈನಲ್‌ಗೆ ಒಯ್ದರು. 2022ರಲ್ಲಿ ರಜತ್ ಪಾಟೀದಾರ್ ಕೂಡ ಮಾರಾಟವಾಗದೆ ಉಳಿದವರು. ನಮ್ಮ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಅವರ ಜಾಗಕ್ಕೆ ಬಂದು, ಈಡನ್ ಗಾರ್ಡನ್ಸ್‌ನ ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದರು. ಹಣ ಸುರಿದು ಯೋಚಿಸಿ ಕೊಂಡವರಿಗಿಂತ ಅಕಸ್ಮಾತ್ತಾಗಿ ಬಂದವರೇ ತಂಡವನ್ನು ಕಾಪಾಡಿದರು. ಯುವರಾಜ್ ಸಿಂಗ್‌ಗೆ 2014ರಲ್ಲಿ 14 ಕೋಟಿ, ಕೈಲ್ ಜೇಮಿಸನ್‌ಗೆ 2021ರಲ್ಲಿ 15 ಕೋಟಿ ಸುರಿದರೂ ಇಬ್ಬರೂ ಒಂದೊಂದೇ ವರ್ಷ ಆಡಿ ಹೋದರು.

ಕೊಂಡದ್ದಕ್ಕಿಂತ ಕೈಬಿಟ್ಟದ್ದು ಹೆಚ್ಚು ನೋವು ಕೊಟ್ಟಿತು. 2016ರಲ್ಲಿ ಕೊಹ್ಲಿ 973 ರನ್ ಹೊಡೆದರೂ ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ ತಂಡ 8 ರನ್‌ಗಳಿಂದ ಸೋತಿತು. ಆ ತಂಡದಲ್ಲಿದ್ದ ಕೆ.ಎಲ್. ರಾಹುಲ್‌ರನ್ನು 2018ರಲ್ಲಿ ಬಿಟ್ಟರು. ಪಂಜಾಬಿಗೆ ಹೋಗಿ ಅದೇ ವರ್ಷ 659 ರನ್ ಹೊಡೆದರು. ಶೇನ್ ವಾಟ್ಸನ್‌ರನ್ನು ಬಿಟ್ಟರು. ಚೆನ್ನೈಗೆ ಹೋಗಿ ಅದೇ ವರ್ಷದ ಫೈನಲ್‌ನಲ್ಲಿ ಶತಕ ಬಾರಿಸಿದರು. 2022ಕ್ಕೆ ಮುನ್ನ ಯಜುವೇಂದ್ರ ಚಾಹಲ್‌ರನ್ನು ಬಿಟ್ಟರು. ಆ ವರ್ಷ ಎಲ್ಲರಿಗಿಂತ ಹೆಚ್ಚು, 27 ವಿಕೆಟ್ ಕಿತ್ತವರು ಅವರೇ. "ಈ ಸಲ ಕಪ್ ನಮ್ದೇ" ಎಂಬ ಕೂಗು ಊರೂರಿನ ಗೋಡೆಯ ಮೇಲೆ ಹಳೆಯದಾಗುತ್ತಾ ಹೋದದ್ದು ಹೀಗೆ.

ಆಟವಿಲ್ಲದ ಕಾಲದಲ್ಲಿ ತಂಡ ಕಟ್ಟುವ ವಿದ್ಯೆಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಅಮೆರಿಕದ ಬೇಸ್‌ಬಾಲ್. 2001ರ ಋತು ಮುಗಿದಾಗ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡದ ಮೂವರು ದೊಡ್ಡ ಆಟಗಾರರನ್ನು ಶ್ರೀಮಂತ ತಂಡಗಳು ಒಯ್ದವು. ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಬಳಿ ನ್ಯೂಯಾರ್ಕ್ ಯಾಂಕೀಸ್ ಖರ್ಚಿನ ಮೂರನೇ ಒಂದು ಭಾಗದಷ್ಟು ಹಣವಿತ್ತು. ಹೋದ ಆಟಗಾರನಂಥ ಇನ್ನೊಬ್ಬನನ್ನು ಅವರು ಹುಡುಕಲಿಲ್ಲ. ಹೋದವನು ತಂಡಕ್ಕೆ ಏನು ಕೊಡುತ್ತಿದ್ದನೋ ಅದನ್ನು ಬಿಡಿಬಿಡಿಯಾಗಿ ಅಗ್ಗದ ಆಟಗಾರರಲ್ಲಿ ಹುಡುಕಿದರು. ಹೇಗಾದರೂ ಮೊದಲ ಬೇಸ್ ತಲುಪುವವರು ಬೇಕು, ನೋಡಲು ಚೆಂದವಿರಲಿ ಬಿಡಲಿ ಎಂದರು. 2002ರಲ್ಲಿ ಆ ತಂಡ ಸತತ 20 ಪಂದ್ಯ ಗೆದ್ದಿತು, ಒಟ್ಟು 103 ಗೆದ್ದಿತು. ಮೈಕೆಲ್ ಲೂಯಿಸ್ ಬರೆದ 'ಮನಿಬಾಲ್' ಪುಸ್ತಕದಿಂದ ಅದು ಲೋಕಪ್ರಸಿದ್ಧವಾಯಿತು. ಅದೆಲ್ಲ ಬೀನ್‌ರ ಲೆಕ್ಕದ ಫಲವಲ್ಲ, ಹಡ್ಸನ್, ಮಲ್ಡರ್, ಜಿಟೊ ಎಂಬ ಮೂವರು ಪಿಚರ್‌ಗಳು ಮೊದಲೇ ಇದ್ದರಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಓಕ್‌ಲ್ಯಾಂಡ್ ಆ ವರ್ಷ ಪ್ರಶಸ್ತಿ ಗೆಲ್ಲಲಿಲ್ಲ ಎಂಬುದೂ ನಿಜ.

ಬೆಂಗಳೂರಿಗೆ ಆ ಬುದ್ಧಿ ಬರಲು ಒಂದು ರಾತ್ರಿ ಬೇಕಾಯಿತು. 2024ರ ಏಪ್ರಿಲ್ 15. ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 3 ವಿಕೆಟ್‌ಗೆ 287 ಹೊಡೆಯಿತು. ಬೆಂಗಳೂರು 262 ಹೊಡೆಯಿತು, ಆದರೂ ಸೋತಿತು. ಅಂಥ ಬ್ಯಾಟಿಂಗ್ ಇದ್ದೂ ಸೋಲುವುದಾದರೆ ಕೊರತೆ ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತಾಯಿತು. ಮೊದಲ ಎಂಟರಲ್ಲಿ ಏಳು ಪಂದ್ಯ ಸೋತ ತಂಡ ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಸೇರಿತು. ಚೆನ್ನೈ ವಿರುದ್ಧ ಕೊನೆಯ ಓವರ್‌ನಲ್ಲಿ ಯಶ್ ದಯಾಳ್ ಮೊದಲ ಚೆಂಡಿಗೇ ಧೋನಿಯಿಂದ ಸಿಕ್ಸರ್ ತಿಂದು, ಮರುಚೆಂಡಿಗೆ ಅವರನ್ನು ಔಟ್ ಮಾಡಿ ತಂಡವನ್ನು ದಾಟಿಸಿದರು. ನಾಲ್ಕು ದಿನಕ್ಕೆ ರಾಜಸ್ಥಾನದ ಎದುರು ಎಲ್ಲ ಮುಗಿಯಿತು.

ಅಲ್ಲಿಂದ ಆಟವಿಲ್ಲದ ತಿಂಗಳುಗಳು. ಕ್ರಿಕೆಟ್ ನಿರ್ದೇಶಕ ಮೊ ಬೊಬಾಟ್, ಮುಖ್ಯ ತರಬೇತುದಾರ ಆಂಡಿ ಫ್ಲವರ್ ಮೊದಲೇ ಇದ್ದರು. ಆಟಕ್ಕೆ ವಿದಾಯ ಹೇಳಿದ ದಿನೇಶ್ ಕಾರ್ತಿಕ್ ಜುಲೈನಲ್ಲಿ ಬ್ಯಾಟಿಂಗ್ ತರಬೇತುದಾರರಾಗಿ ಅವರನ್ನು ಕೂಡಿಕೊಂಡರು. ಕಿತ್ತೂರು ವಿಜಯದ 200ನೇ ವರ್ಷದ ಉತ್ಸವ ಮುಗಿದು ವಾರ ಕಳೆದಿತ್ತಷ್ಟೆ. ಅಕ್ಟೋಬರ್ 31ರಂದು ಉಳಿಸಿಕೊಂಡವರ ಪಟ್ಟಿ ಹೊರಬಿತ್ತು. ಕೊಹ್ಲಿಗೆ 21 ಕೋಟಿ, ಪಾಟೀದಾರ್‌ಗೆ 11 ಕೋಟಿ, ದಯಾಳ್‌ಗೆ 5 ಕೋಟಿ. ಮೂವರೇ. ನಾಯಕ ಡು ಪ್ಲೆಸಿ ಇಲ್ಲ, ಮ್ಯಾಕ್ಸ್‌ವೆಲ್ ಇಲ್ಲ, ಏಳು ವರ್ಷ ಬೆವರು ಸುರಿಸಿದ ಸಿರಾಜ್ ಇಲ್ಲ. ಕೈಯಲ್ಲಿ 83 ಕೋಟಿ ಉಳಿಯಿತು. ಅದಕ್ಕಿಂತ ಹೆಚ್ಚು, 110.5 ಕೋಟಿ ಇದ್ದದ್ದು ಪಂಜಾಬ್ ಬಳಿ ಮಾತ್ರ. ಹಳೆಯದನ್ನು ಹೆಚ್ಚು ಕೈಬಿಟ್ಟ ಈ ಎರಡು ತಂಡಗಳೇ ಮುಂದೆ ಫೈನಲ್‌ನಲ್ಲಿ ಎದುರಾದವು.

ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಹರಾಜು. ನಮ್ಮ ಕಡೆ ಹತ್ತಿಯ ಲಿಲಾವು ಕಂಡವರಿಗೆ ಹರಾಜು ಹೊಸದಲ್ಲ, ಆದರೂ ಆ ಎರಡು ದಿನ ಬೈಲಹೊಂಗಲದ ಚಹಾದಂಗಡಿಯಲ್ಲಿ ಮೊಬೈಲಿನ ಸುತ್ತ ಕೂತವರ ಮುಖದಲ್ಲಿ ನೆಮ್ಮದಿ ಇರಲಿಲ್ಲ. ರಿಷಭ್ ಪಂತ್ 27 ಕೋಟಿಗೆ ಲಖನೌಗೆ, ಶ್ರೇಯಸ್ ಅಯ್ಯರ್ 26.75 ಕೋಟಿಗೆ ಪಂಜಾಬ್‌ಗೆ ಹೋದರು. ರಾಹುಲ್ ಹೆಸರು ಬಂದಾಗ ಬೆಂಗಳೂರು ಕೈ ಎತ್ತಿತು, ಆಮೇಲೆ ಇಳಿಸಿತು. 14 ಕೋಟಿಗೆ ಅವರು ದೆಹಲಿಗೆ ಹೋದರು.

"ಏನ್ರೀ ಕಾಕಾ, ನಮ್ಮ ಹುಡುಗನ್ನ ಬಿಟ್ಟಬಿಟ್ರಲ್ರೀ," ಎಂದ ಒಬ್ಬ ಕಾಲೇಜು ಹುಡುಗ, ಅಳುವುದೊಂದು ಬಾಕಿ.

"ಬ್ಯಾಟ್ ಬೀಸಾವ್ರು ಬೇಕಾದಷ್ಟ ಬಂದು ಹ್ವಾದ್ರಲ್ಲೋ ತಮ್ಮಾ," ಎಂದರು ಮೂಲೆಯಲ್ಲಿ ಕೂತಿದ್ದ ಹಿರಿಯರು. "ಬಾಲ್ ಹಾಕಾವ್ರನ್ನ ತರ್ತಾರೇನು ನೋಡು."

ತಂದರು. ಜೋಶ್ ಹೇಜಲ್‌ವುಡ್ 12.5 ಕೋಟಿ. ಮರುದಿನ ಭುವನೇಶ್ವರ್ ಕುಮಾರ್ 10.75 ಕೋಟಿ, ಕೃಣಾಲ್ ಪಾಂಡ್ಯ 5.75 ಕೋಟಿ. ಆರಂಭಿಕನಾಗಿ ಫಿಲ್ ಸಾಲ್ಟ್ 11.5 ಕೋಟಿ, ಲಿಯಾಮ್ ಲಿವಿಂಗ್‌ಸ್ಟನ್ 8.75 ಕೋಟಿ. ಜಿತೇಶ್ ಶರ್ಮಾ ವಿಷಯದಲ್ಲಿ ಅವರ ಹಳೆಯ ತಂಡ ಪಂಜಾಬ್, ಕೂಗಿದ ಬೆಲೆಗೆ ಆಟಗಾರನನ್ನು ಮರಳಿ ಪಡೆಯುವ ತನ್ನ ಹಕ್ಕು ಚಲಾಯಿಸಲು ಮುಂದಾದಾಗ ಬೆಂಗಳೂರು ಬೆಲೆಯನ್ನು ಒಮ್ಮೆಲೇ 11 ಕೋಟಿಗೆ ಏರಿಸಿ ಸುಮ್ಮನಾಗಿಸಿತು. ಟಿಮ್ ಡೇವಿಡ್ 3 ಕೋಟಿ, ಲೆಗ್‌ಸ್ಪಿನ್ನರ್ ಸುಯಶ್ ಶರ್ಮಾ 2.6 ಕೋಟಿ, ರೊಮಾರಿಯೊ ಶೆಫರ್ಡ್ 1.5 ಕೋಟಿ. ಹೇಜಲ್‌ವುಡ್, ಭುವನೇಶ್ವರ್, ಡೇವಿಡ್ ಈ ಮೂವರ ಬೆಲೆ ಕೂಡಿಸಿದರೆ 26.25 ಕೋಟಿ. ಶ್ರೇಯಸ್ ಒಬ್ಬರ ಬೆಲೆಗಿಂತ ಐವತ್ತು ಲಕ್ಷ ಕಡಿಮೆ.

ವಿಲ್ ಜ್ಯಾಕ್ಸ್‌ರನ್ನು ಮುಂಬೈ 5.25 ಕೋಟಿಗೆ ಕೂಗಿದಾಗ ಹಕ್ಕು ಚಲಾಯಿಸುವ ಅವಕಾಶವಿದ್ದೂ ಬೆಂಗಳೂರು ಬಳಸಲಿಲ್ಲ. ಮುಂಬೈ ತಂಡದ ಆಕಾಶ್ ಅಂಬಾನಿ ಎದ್ದು ಬಂದು ಬೆಂಗಳೂರಿನವರ ಕೈ ಕುಲುಕಿದರು. ಆ ದೃಶ್ಯ ಕಂಡು ಅಭಿಮಾನಿಗಳ ಹೊಟ್ಟೆ ಉರಿಯಿತು. ಸಿರಾಜ್‌ರನ್ನೂ 12.25 ಕೋಟಿಗೆ ಗುಜರಾತ್‌ಗೆ ಬಿಟ್ಟುಕೊಟ್ಟರು. ಹಾಗೆಂದು ಎಲ್ಲವೂ ತಣ್ಣನೆಯ ಲೆಕ್ಕವೇ ಆಗಿತ್ತೆಂದು ನಾನು ಬರೆದರೆ ಸುಳ್ಳಾಗುತ್ತದೆ. ವೆಂಕಟೇಶ್ ಅಯ್ಯರ್‌ಗಾಗಿ ಇದೇ ಬೆಂಗಳೂರು ಕೋಲ್ಕತ್ತಾ ಜೊತೆ ಪಟ್ಟು ಹಿಡಿದು 23.5 ಕೋಟಿವರೆಗೂ ಹೋಗಿತ್ತು. ಕೋಲ್ಕತ್ತಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ 23.75ಕ್ಕೆ ಒಯ್ಯಿತು. ಆ ಹೆಜ್ಜೆಯನ್ನು ಅವರು ಇಡದಿದ್ದರೆ ಮರುದಿನ ಭುವನೇಶ್ವರ್, ಕೃಣಾಲ್‌ಗೆ ಹಣವೆಲ್ಲಿಂದ ಬರುತ್ತಿತ್ತು?

ಮೇಜಿನ ಸುತ್ತ ಕನ್ನಡದ ಹುಡುಗರಿಗೆ ಸಿಕ್ಕದ್ದು ಕಡಿಮೆ. ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳದ ದೇವದತ್ತ ಪಡಿಕ್ಕಲ್ ಕೊನೆಗೆ ಮೂಲಬೆಲೆ 2 ಕೋಟಿಗೆ ಬಂದರು, ರಾಯಚೂರಿನ ಮನೋಜ್ ಭಾಂಡಗೆ 30 ಲಕ್ಷಕ್ಕೆ. ಪ್ರಸಿದ್ಧ ಕೃಷ್ಣ 9.5 ಕೋಟಿಗೆ ಗುಜರಾತ್‌ಗೆ ಹೋಗಿ ಆ ವರ್ಷ 25 ವಿಕೆಟ್‌ಗಳೊಡನೆ ಪರ್ಪಲ್ ಕ್ಯಾಪ್ ಗೆದ್ದರು. ವೈಶಾಖ್ ವಿಜಯಕುಮಾರ್ ಪಂಜಾಬ್ ಸೇರಿದರು. ತಂಡದ ಹೆಸರಿನಲ್ಲಿ ಬೆಂಗಳೂರು ಇದ್ದ ಮಾತ್ರಕ್ಕೆ ಕರ್ನಾಟಕದ ತಂಡವಾಗಿಬಿಡುವುದಿಲ್ಲ ಎಂಬ ಕೊರಗು ನಮ್ಮ ಕಡೆಯವರಿಗೆ ಹೊಸದಲ್ಲ. ಐನೂರು ಕಿಲೋಮೀಟರ್ ದೂರದ ಬೆಂಗಳೂರೇ ನಮಗೆ ಪರದೇಶವಾದಂತೆ ಕಾಣುವ ದಿನಗಳಿವೆ. ಆದರೂ ಕಿತ್ತೂರಿನ ಕೋಟೆಯ ಮುಂದೆ ಟೆನಿಸ್ ಚೆಂಡಿನಲ್ಲಿ ಆಡುವ ಹುಡುಗನ ಅಂಗಿಯ ಬೆನ್ನಿನ ಮೇಲೆ ಕೊಹ್ಲಿಯ 18 ಎಂದೇ ಬರೆದಿರುತ್ತದೆ. ಆ ಪ್ರೀತಿಗೆ ತಕ್ಕಷ್ಟು ತಂಡ ತಿರುಗಿ ಕೊಟ್ಟಿಲ್ಲ ಎಂದೇ ನನಗೆ ಅನ್ನಿಸುತ್ತದೆ.

2025ರ ಫೆಬ್ರುವರಿ 13ರಂದು ಪಾಟೀದಾರ್ ನಾಯಕರಾದರು. ಮೂರು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಆಟಗಾರನ ಕೈಕೆಳಗೆ ಕೊಹ್ಲಿ ಆಡಲು ಒಪ್ಪಿ ನಿಂತರು. ಮಾರ್ಚ್ 28ರಂದು ಚೆಪಾಕ್‌ನಲ್ಲಿ 17 ವರ್ಷಗಳ ನಂತರ ಚೆನ್ನೈಯನ್ನು ಅದರ ಮನೆಯಲ್ಲೇ ಸೋಲಿಸಿದರು. ಏಪ್ರಿಲ್ 7ರಂದು ವಾಂಖೆಡೆಯಲ್ಲಿ ಹತ್ತು ವರ್ಷಗಳ ನಂತರ ಮುಂಬೈಯನ್ನು. ಕೊನೆಯ ಓವರ್ ಕೃಣಾಲ್ ಹಾಕಿದರು. ಅವರದೇ ಹಳೆಯ ತಂಡದ ಎದುರು ನಾಲ್ಕು ವಿಕೆಟ್.

ಚಿನ್ನಸ್ವಾಮಿಯಲ್ಲಿ ಮಾತ್ರ ಕೈಬಿಟ್ಟವರೇ ಬಂದು ಹೊಡೆದರು. ಏಪ್ರಿಲ್ 2ರಂದು ಸಿರಾಜ್ 19 ರನ್‌ಗೆ 3 ವಿಕೆಟ್ ಕಿತ್ತರು. ಏಪ್ರಿಲ್ 10ರಂದು ರಾಹುಲ್ ಅಜೇಯ 93 ಹೊಡೆದು ದೆಹಲಿಯನ್ನು ಗೆಲ್ಲಿಸಿದರು, ಬ್ಯಾಟಿನಿಂದ ನೆಲದಲ್ಲಿ ಗೆರೆ ಎಳೆದು ನಡುವೆ ಬಲವಾಗಿ ಊರಿದರು. ಇದು ನನ್ನ ನೆಲ ಎಂಬ ಆ ಸಂಜ್ಞೆ 'ಕಾಂತಾರ' ಚಿತ್ರದಿಂದ ಬಂದದ್ದೆಂದು ಅವರೇ ಆಮೇಲೆ ಹೇಳಿದರು. ಆ ದಿನ ನಾನು ಯಾರ ಪರ ಚಪ್ಪಾಳೆ ತಟ್ಟಿದೆನೆಂದು ನನಗೇ ತಿಳಿಯಲಿಲ್ಲ. ಪಂಜಾಬ್ ಎದುರೂ ಸೋತು, ತವರಿನಲ್ಲಿ ಸತತ ಮೂರು ಸೋಲು. ಹರಾಜಿನಲ್ಲಿ ಬೈದವರೆಲ್ಲ ಮತ್ತೆ ಬಾಯಿ ತೆರೆದರು.

ತಿರುವು ಬಂದದ್ದು ಏಪ್ರಿಲ್ 24ರಂದು. ರಾಜಸ್ಥಾನಕ್ಕೆ 12 ಚೆಂಡುಗಳಲ್ಲಿ 18 ರನ್ ಸಾಕಿತ್ತು. ಹಿಂದಿನ ವರ್ಷಗಳಲ್ಲಿ ಇಂಥ ಹೊತ್ತಿನಲ್ಲಿ ಚಿನ್ನಸ್ವಾಮಿಯ ಜನ ಏಳಲು ಶುರು ಮಾಡುತ್ತಿದ್ದರು. 19ನೇ ಓವರ್ ಹೇಜಲ್‌ವುಡ್ ಹಾಕಿದರು. ಒಂದೇ ರನ್, ಎರಡು ವಿಕೆಟ್. ಬೆಂಗಳೂರು 11 ರನ್‌ಗಳಿಂದ ಗೆದ್ದಿತು. ಜೆಡ್ಡಾದಲ್ಲಿ ಕೊಟ್ಟ 12.5 ಕೋಟಿ ಆ ಆರು ಚೆಂಡುಗಳಲ್ಲಿ ತೀರಿತು ಎಂದರೆ ಹೆಚ್ಚಾಗಲಾರದು.

ಆಮೇಲೆ ಒಬ್ಬೊಬ್ಬರಾಗಿ ಹೆಗಲು ಕೊಟ್ಟರು. ದೆಹಲಿಯಲ್ಲಿ ಕೃಣಾಲ್ ಅಜೇಯ 73. ಚೆನ್ನೈ ಎದುರು ಶೆಫರ್ಡ್ 14 ಚೆಂಡುಗಳಲ್ಲಿ 53, ಆ ಪಂದ್ಯ ಉಳಿದದ್ದು 2 ರನ್‌ನಿಂದ, ಕೊನೆಯ ಓವರ್ ಮತ್ತೆ ದಯಾಳ್. ಗಡಿಯ ಸಂಘರ್ಷದಿಂದ ಮೇ 9ರಂದು ಟೂರ್ನಿ ನಿಂತು 17ಕ್ಕೆ ಮತ್ತೆ ಶುರುವಾಯಿತು. ಹೇಜಲ್‌ವುಡ್‌ರ ಭುಜದ ನೋವಿಗೆ ಆ ಬಿಡುವು ಮದ್ದಾಯಿತು. ಪಡಿಕ್ಕಲ್ ಗಾಯಗೊಂಡಾಗ, ಹರಾಜಿನಲ್ಲಿ ಯಾರೂ ಕೊಳ್ಳದ ನಮ್ಮ ಮಯಂಕ್ ಅಗರ್ವಾಲ್ ಬದಲಿಯಾಗಿ ಬಂದರು. ಗೇಲ್, ಪಾಟೀದಾರ್ ಬಂದ ಅದೇ ಹಿತ್ತಿಲ ಬಾಗಿಲಿನಿಂದ. ಮೇ 27ರಂದು ಲಖನೌದಲ್ಲಿ 228ರ ಗುರಿ ಬೆನ್ನಟ್ಟುವಾಗ ಜಿತೇಶ್ 33 ಚೆಂಡುಗಳಲ್ಲಿ ಅಜೇಯ 85 ಹೊಡೆದರು. ಎದುರಾಳಿಗಳ ಮೈದಾನದಲ್ಲಿ ಲೀಗ್‌ನ ಏಳೂ ಪಂದ್ಯ ಗೆದ್ದ ಮೊದಲ ತಂಡ ಇದಾಯಿತು. ಎರಡು ದಿನಕ್ಕೆ ಮುಲ್ಲನ್‌ಪುರದಲ್ಲಿ ಹೇಜಲ್‌ವುಡ್ ಮೂರು, ಸುಯಶ್ ಮೂರು ವಿಕೆಟ್ ಕಿತ್ತು ಪಂಜಾಬನ್ನು 101ಕ್ಕೆ ಕಟ್ಟಿಹಾಕಿದರು.

ಜೂನ್ 3, ಅಹಮದಾಬಾದ್. ಎದುರು ಅದೇ ಪಂಜಾಬ್. ಅದರ ಆಟಗಾರರ ಸಾಲಿನಲ್ಲಿ ಚಾಹಲ್, ಜೇಮಿಸನ್, ವೈಶಾಖ್, ಮಾರ್ಕಸ್ ಸ್ಟೊಯ್ನಿಸ್. ನಾಲ್ವರೂ ಒಂದು ಕಾಲಕ್ಕೆ ಬೆಂಗಳೂರಿನ ಅಂಗಿ ತೊಟ್ಟವರು. ಬೆಂಗಳೂರು 9 ವಿಕೆಟ್‌ಗೆ 190. ಅತಿ ಹೆಚ್ಚು ಹೊಡೆದ ಕೊಹ್ಲಿಯದು 43, ಅಂದರೆ ಒಬ್ಬರ ಹೆಗಲ ಮೇಲೇ ಭಾರ ಬಿದ್ದಿರಲಿಲ್ಲ. ಶೆಫರ್ಡ್ ಅಪಾಯದ ಶ್ರೇಯಸ್‌ರನ್ನು 1 ರನ್‌ಗೆ ಕಳಿಸಿದರು. ಕೃಣಾಲ್ ನಾಲ್ಕು ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದರು. ಭುವನೇಶ್ವರ್ 17ನೇ ಓವರ್‌ನಲ್ಲಿ ಇಬ್ಬರನ್ನು ಕಿತ್ತರು. ಕೊನೆಯ ಓವರ್‌ಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಚೆಂಡು ಖಾಲಿ ಹಾಕಿದಾಗ ಬೌಂಡರಿಯಲ್ಲಿ ನಿಂತಿದ್ದ ಕೊಹ್ಲಿಯ ಕಣ್ಣು ತುಂಬಿತ್ತು. ಶಶಾಂಕ್ ಸಿಂಗ್ ಉಳಿದ ನಾಲ್ಕರಲ್ಲಿ 22 ಹೊಡೆದರೂ 6 ರನ್ ಉಳಿದವು. 2009ರ ಫೈನಲ್ ಸೋತದ್ದೂ ಇದೇ 6 ರನ್‌ನಿಂದ.

ಗೆಲುವು ಹರಾಜಿನ ಮೇಜಿನಲ್ಲೇ ಆಯಿತೋ, ಮೈದಾನದಲ್ಲೋ ಎಂಬ ವಾದ ಆಗಲೇ ಶುರುವಾಯಿತು. ದೊಡ್ಡ ಹಣದ ಚೀಲವಿತ್ತು, ಬಿಡುವು ಸಿಕ್ಕಿತು, ಅದೃಷ್ಟ ಕೂಡಿತು ಎನ್ನುವವರಿದ್ದಾರೆ. ಓಕ್‌ಲ್ಯಾಂಡಿನ ಬಗ್ಗೆ ಆಡಿದ ಮಾತಿನಂತೆಯೇ, ಕೊಹ್ಲಿ ಮೊದಲೇ ಇದ್ದರಲ್ಲ, ಆ ವರ್ಷವೂ 657 ರನ್ ಹೊಡೆದರಲ್ಲ ಎಂಬ ಮಾತೂ ಇದೆ. ಅವರು ಹದಿನೇಳು ವರ್ಷವೂ ಇದ್ದರು ಎಂಬುದೇ ನನ್ನ ಉತ್ತರ. ಹೇಜಲ್‌ವುಡ್ 22, ಭುವನೇಶ್ವರ್ 17, ಕೃಣಾಲ್ 17: ಮೂವರೇ ಸೇರಿ 56 ವಿಕೆಟ್. ಒಂಟಿ ಎತ್ತಿಗೆ ಜೋಡಿ ಸಿಕ್ಕಿತ್ತು.

ಆ ರಾತ್ರಿ ಊರೂರಿನಲ್ಲಿ ಪಟಾಕಿ ಹಾರಿತು. ಮರುದಿನ, ಜೂನ್ 4ರ ಸಂಜೆ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಬೈಲಹೊಂಗಲ, ರಾಮದುರ್ಗದ ಎಷ್ಟೋ ಮನೆಗಳಲ್ಲಿ ತಾಯಂದಿರು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೆ ಫೋನು ಮಾಡುತ್ತಲೇ ಇದ್ದರು. ಹದಿನೇಳು ವರ್ಷ ಕಾದು ಸಿಕ್ಕ ಸಂತೋಷ ಒಂದು ದಿನವೂ ಪೂರ್ತಿ ಉಳಿಯಲಿಲ್ಲ. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ವಿಚಾರಣಾ ಆಯೋಗ ಕೂತಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರು ಬಿಟ್ಟು ನವಿ ಮುಂಬೈಗೆ ಹೋದವು. ತಂಡ ಕಟ್ಟಲು ಅಷ್ಟು ತಿಂಗಳು ಲೆಕ್ಕ ಹಾಕಿದವರ ಊರಿನಲ್ಲಿ, ಗೆದ್ದ ಮರುದಿನ ಎಷ್ಟು ಜನ ಬರಬಹುದೆಂಬ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ಆ ಸಾವುಗಳನ್ನು ಬಿಟ್ಟು ಈ ಗೆಲುವಿನ ಕಥೆ ಹೇಳಲು ನನಗಾಗುವುದಿಲ್ಲ.

ನವೆಂಬರ್ ಬಂತು, ಮತ್ತೆ ಬಿಡುವವರ ಪಟ್ಟಿ. ಲಿವಿಂಗ್‌ಸ್ಟನ್, ವೇಗದ ಬೌಲರ್ ಎನ್‌ಗಿಡಿ ಹೋದರು, ಮಯಂಕ್ ಹೋದರು. ಗೆದ್ದ ತಂಡದಲ್ಲಿದ್ದೂ ಆಡುವ ಅವಕಾಶ ತೀರ ಕಡಿಮೆ ಪಡೆದ ಮನೋಜ್ ಭಾಂಡಗೆಯೂ ಹೋದರು. ಡಿಸೆಂಬರ್ 16ರಂದು ಅಬುಧಾಬಿಯ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ ಹೆಸರು ಮತ್ತೆ ಬಂತು. ಹಿಂದಿನ ವರ್ಷ 23.5 ಕೋಟಿಗೆ ಕೈ ಎತ್ತಿ ನಿಂತಿದ್ದ ಬೆಂಗಳೂರು ಈ ಸಲ ಅವರನ್ನು 7 ಕೋಟಿಗೆ ಕೊಂಡಿತು. ನಮ್ಮ ಕಡೆ ಆಗ ಹಿಂಗಾರಿ ಜೋಳ ಹೊಲದಲ್ಲಿ ನಿಂತಿತ್ತು. ಎತ್ತಿನ ಸಂತೆಗೆ ಇನ್ನೂ ದಿನಗಳಿದ್ದವು.